ಕಾಳಿ ಹೊಳೆಯ ಗಡಿಯಾರ ಇರುವುದು ಪವರ್‌ಹೌಸಿನಲ್ಲಿ

ಪ್ರಶ್ನೆ: ಸರ್, ಮೇ ಎರಡನೇ ವಾರ ದಾಂಡೇಲಿಗೆ ಹೊರಟಿದ್ದೇವೆ. ಒಟ್ಟು ಆರು ಜನ. ನಾನು, ಹೆಂಡತಿ, 11 ವರ್ಷದ ಮಗ, ಅಕ್ಕ, ಭಾವ, ಮತ್ತೆ 64 ವರ್ಷದ ಅಪ್ಪ. ಅಪ್ಪನಿಗೆ ಏಳು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಊರ ಬಾವಿಯಲ್ಲಿ ಈಜು ಕಲಿತವನು ನಾನೊಬ್ಬನೇ, ಉಳಿದವರಿಗೆ ಈಜು ಬರುವುದಿಲ್ಲ. ಕಾಳಿ ನದಿಯಲ್ಲಿ ರಬ್ಬರ್ ದೋಣಿಯ ರಾಫ್ಟಿಂಗ್ ಮಾಡಲೇಬೇಕು ಅಂತ ಮಗನ ಹಟ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಫೀಸಿನವರು "ಮೇ ತಿಂಗಳಲ್ಲಿ ಹೊಳೆಯಲ್ಲಿ ನೀರೆಲ್ಲಿರುತ್ತೆ, ದುಡ್ಡು ದಂಡ" ಅಂದರು. ಭಾವ "ಕಾರ್ಖಾನೆ ನೀರು ಸೇರಿ ಹೊಳೆ ಕಪ್ಪಾಗಿದೆ, ಅದಕ್ಕೇ ಕಾಳಿ ಅನ್ನೋದು" ಅಂದರು. ಅತ್ತೆಯಂತೂ "ಆ ಹೆಸರು ಸುಮ್ನೆ ಬಂದಿಲ್ಲ, ವರ್ಷವರ್ಷ ಬಲಿ ತಗೊಳ್ಳೋ ಹೊಳೆ ಅದು" ಅಂತ ಹೆದರಿಸಿಬಿಟ್ಟಿದ್ದಾರೆ. ಫೋನಿನಲ್ಲಿ ವಿಡಿಯೊ ಹುಡುಕಿದರೆ ಮನೆಯೆತ್ತರದ ಅಲೆ ಕಾಣಿಸಿತು. ಹೋಗಬಹುದಾ? ಹೋದರೆ ಯಾರು ಇಳಿಯಬಹುದು, ಯಾರು ಬೇಡ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಭಯ ಒಟ್ಟಿಗೆ ಸೇರಿಕೊಂಡಿವೆ. ಒಂದು ಪೂರ್ತಿ ಸುಳ್ಳು, ಎರಡು ತಿರುಚಿದ ಮಾತು. ಒಂದರಲ್ಲಿ ಮಾತ್ರ ನಿಜವಿದೆ, ಆದರೆ ಅದರ ಕಾರಣ ಬೇರೆ. ನಾನು ನದಿ ಹರಿವು ಅಳೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಆಮೇಲೆ ರಾಫ್ಟಿಂಗ್ ಗೈಡ್‌ಗಳಿಗೆ ನೀರಿನ ಬಗ್ಗೆ ಪಾಠ ಹೇಳಿಕೊಟ್ಟವನು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ವಿಡಿಯೊ ವಿಷಯ ಮೊದಲು ಮುಗಿಸೋಣ. ಕಾಳಿ ಎಂಬ ಹೆಸರಿನ ನದಿಗಳು ಬೇಕಾದಷ್ಟಿವೆ. ಉತ್ತರಾಖಂಡ ಮತ್ತು ನೇಪಾಳದ ಗಡಿಯಲ್ಲಿ ಹರಿದು ಮುಂದೆ ಶಾರದಾ ಅನ್ನಿಸಿಕೊಳ್ಳುವ ಕಾಳಿ ಒಂದು. ಉತ್ತರ ಪ್ರದೇಶದಲ್ಲೇ ಎರಡು ಕಾಳಿ ನದಿಗಳಿವೆ. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಹರಿದು ಚಂಬಲ್ ಸೇರುವ ಕಾಳಿ ಸಿಂಧ್ ಇನ್ನೊಂದು. ನೇಪಾಳದಲ್ಲಿ ಕಾಳಿ ಗಂಡಕಿ ಇದೆ. ಹಿಮಾಲಯದಿಂದ ಧುಮ್ಮಿಕ್ಕುವ ಅದು ರಾಫ್ಟಿಂಗ್‌ಗೆ ಜಗತ್ತಿನಲ್ಲೇ ಹೆಸರುವಾಸಿ. ನೀವು ನೋಡಿದ ಮನೆಯೆತ್ತರದ ಅಲೆ ಬಹುಶಃ ಅಲ್ಲಿಯದು. ರಾಫ್ಟಿಂಗ್‌ನವರು ನೀರಿನ ಆರ್ಭಟಕ್ಕೆ ಒಂದರಿಂದ ಆರರವರೆಗೆ ದರ್ಜೆ ಕೊಡುತ್ತಾರೆ. ನಮ್ಮ ಉತ್ತರ ಕನ್ನಡದ ಕಾಳಿಯಲ್ಲಿ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಪಾತ್ರ ಎರಡು, ಮೂರರ ಮಟ್ಟದ್ದು. ಬಟ್ಟೆ ಪೂರ್ತಿ ನೆನೆಯುತ್ತದೆ, ಎದೆ ಢವಢವ ಅನ್ನುತ್ತದೆ, ಆದರೆ ಅಲೆ ಮನೆಯೆತ್ತರ ಏಳುವುದಿಲ್ಲ.

ಈಗ ಹೆಸರಿಗೆ ಬರೋಣ. ನನಗೆ ಇದು ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಹತ್ತಿರ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅಂದರೆ ಹುಟ್ಟುವುದೂ ಮುಗಿಯುವುದೂ ಒಂದೇ ಜಿಲ್ಲೆಯಲ್ಲಿ. ಹುಟ್ಟಿದ ಮೇಲೆ ಸ್ವಲ್ಪ ದೂರದಲ್ಲಿ ಇದಕ್ಕೆ ಇನ್ನೊಂದು ಹೊಳೆ ಕೂಡುತ್ತದೆ. ಅದರ ಹೆಸರು ಪಾಂಢರಿ, ಜನರ ಬಾಯಲ್ಲಿ ಪಾಂಡ್ರಿ. ಆ ಭಾಗದಲ್ಲಿ ಮನೆಮಾತು ಕೊಂಕಣಿ, ಮರಾಠಿ. ಮರಾಠಿಯಲ್ಲಿ ಕಾಳಿ ಅಂದರೆ ಕಪ್ಪಗಿರುವುದು, ಪಾಂಢರಿ ಅಂದರೆ ಬೆಳ್ಳಗಿರುವುದು. ಒಂದು ಕರಿಹೊಳೆ, ಒಂದು ಬಿಳಿಹೊಳೆ. ಅಕ್ಕಪಕ್ಕದ ಎರಡು ಹೊಳೆಗಳನ್ನು ಜನ ಬಣ್ಣದ ಮೇಲೆ ಗುರುತಿಟ್ಟುಕೊಂಡರು ಅಂತಲೇ ನಾನು ಓದಿಕೊಳ್ಳುತ್ತೇನೆ. ಮರಾಠಿ ಹಳ್ಳಿಗಳಲ್ಲಿ ಉಳುವ ಹೊಲಕ್ಕೆ ಕಾಳಿ, ಊರಿನ ನೆಲಕ್ಕೆ ಪಾಂಢರಿ ಅನ್ನುವ ಹಳೇ ರೂಢಿಯೂ ಇದೆ. ಅಲ್ಲಿಯೂ ಇದೇ ಜೋಡಿ.

ದೇವಿಯ ಹೆಸರಲ್ವಾ ಅಂತ ಕೇಳಬಹುದು. ದೇವಿಗೆ ಕಾಳಿ ಅನ್ನುವುದೂ ಬಣ್ಣದಿಂದಲೇ. ಹೊಳೆಯನ್ನು ತಾಯಿ ಅಂತ ನಂಬುವವರಿಗೆ ಎರಡೂ ಒಂದೇ ಆಗಿಬಿಟ್ಟಿವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಪಕ್ಕದಲ್ಲೇ ಬಿಳಿ ಎಂಬ ಹೆಸರಿನ ಹೊಳೆ ಇರುವಾಗ, ರಕ್ತ ಬೇಡುವ ದೇವಿ ಅಂತ ಹೆದರಿ ಈ ಹೆಸರಿಟ್ಟರು ಅನ್ನುವುದು ಕೂಡಿಬರುವುದಿಲ್ಲ.

ಭಾವನವರ ಕಾರ್ಖಾನೆ ಕತೆ ಇನ್ನೂ ಸುಲಭವಾಗಿ ಬಿದ್ದುಹೋಗುತ್ತದೆ. ದಾಂಡೇಲಿಗೆ ದೊಡ್ಡ ಕಾರ್ಖಾನೆ ಬಂದಿದ್ದು 1950ರ ದಶಕದಲ್ಲಿ. ರವೀಂದ್ರನಾಥ ಟ್ಯಾಗೋರರು 1880ರ ದಶಕದಲ್ಲಿ ಕಾರವಾರಕ್ಕೆ ಬಂದು ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಅಣ್ಣ ಆಗ ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಸಂಜೆ ಸಣ್ಣ ದೋಣಿಯಲ್ಲಿ ಹೊಳೆಗುಂಟ ಮೇಲೆ ಹೋಗಿ, ಕೋಟೆ ನೋಡಿಕೊಂಡು, ಬೆಳದಿಂಗಳಲ್ಲಿ ವಾಪಸು ತೇಲಿ ಬಂದಿದ್ದನ್ನು ಅವರು ಬರೆದಿದ್ದಾರೆ. ಹೊಳೆಯನ್ನು ಅವರು ಕರೆದಿದ್ದು ಕಾಳಾನದಿ, ಕಪ್ಪು ನದಿ ಅಂತ. ಕಾರ್ಖಾನೆ, ಅಣೆಕಟ್ಟು ಒಂದೂ ಇಲ್ಲದ ಕಾಲ ಅದು.

ಹಾಗಾದರೆ ಕಪ್ಪು ಎಲ್ಲಿಂದ ಬಂತು? ರಾಫ್ಟಿಂಗ್ ಶುರುವಾಗುವ ಗಣೇಶಗುಡಿಯಲ್ಲಿ ದಡದಲ್ಲಿ ಕೂತು ನೀರು ನೋಡಿ, ಕಡು ಹಸಿರು, ನೆರಳಿದ್ದಲ್ಲಿ ಕಪ್ಪೇ. ಅದನ್ನೇ ಬೊಗಸೆಯಲ್ಲಿ ತೆಗೆದುಕೊಳ್ಳಿ, ನಿಮ್ಮ ಕೈಗೆರೆ ಎಣಿಸಬಹುದು, ಅಷ್ಟು ತಿಳಿ. ತಳದ ಬಂಡೆ ಕಪ್ಪು, ದಡದ ಕಾಡು ನೀರಿನ ಮೇಲೆ ಬಾಗಿದೆ, ಆಳ ಜಾಸ್ತಿ. ಮಳೆ ಶುರುವಾದ ಮೇಲೆ ಕೊಳೆತ ಎಲೆಯ ಸತ್ವ ಇಳಿದು ಸಣ್ಣ ಹಳ್ಳಗಳ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುವುದೂ ಉಂಟು. ಹಾಗಂತ ದಾಂಡೇಲಿ ಪಟ್ಟಣದಿಂದ ಕೆಳಗೆ ಹೊಳೆ ಶುದ್ಧ ಅಂತ ನಾನು ಹೇಳುತ್ತಿಲ್ಲ. ಊರಿನ, ಕಾರ್ಖಾನೆಯ ಕೊಳೆ ಸೇರುವುದರ ಬಗ್ಗೆ ಅಲ್ಲಿಯ ಜನರ ದೂರು ಹಳೆಯದು. ಆದರೆ ರಾಫ್ಟಿಂಗ್ ನಡೆಯುವ ಗಣೇಶಗುಡಿ ಭಾಗ ದಾಂಡೇಲಿಗಿಂತ ಸಾಕಷ್ಟು ಮೇಲೆ. ಕೊಳೆ ಸೇರುವುದು ಆಮೇಲೆ.

ಇನ್ನು ನಿಮ್ಮ ಆಫೀಸಿನವರ ಮಾತು. ಮೇ ತಿಂಗಳಲ್ಲಿ ನೀರೆಲ್ಲಿ? ಸಹ್ಯಾದ್ರಿಯ ಬಹಳಷ್ಟು ಹೊಳೆಗಳಿಗೆ ಈ ಮಾತು ಸರಿ. ಕಾಳಿಗೆ ಮಾತ್ರ ತಲೆಕೆಳಗು. ಇದೊಂದು ಅರ್ಥವಾದರೆ ನಿಮ್ಮ ಮಿಕ್ಕ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು.

ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ ಸೂಪಾ ಅಣೆಕಟ್ಟೆ ಇದೆ. ಎತ್ತರ 101 ಮೀಟರ್. ಜಲಾಶಯ ಹಿಡಿಯುವುದು ಸುಮಾರು 145 ಟಿಎಂಸಿ. ಕೆಆರ್‌ಎಸ್ ಹಿಡಿಯುವುದು 49, ಅದರ ಹತ್ತಿರ ಹತ್ತಿರ ಮೂರು ಪಟ್ಟು ಅಂದುಕೊಳ್ಳಿ. ಕಾಳಿ, ಪಾಂಢರಿ ಕೂಡುವ ಜಾಗದಲ್ಲಿದ್ದ ಸೂಪಾ ಊರೇ ಈ ನೀರಿನಲ್ಲಿ ಮುಳುಗಿತು. ಮೊದಲು ಸೂಪಾ ತಾಲ್ಲೂಕು ಅಂತಿದ್ದುದು ಈಗ ಜೋಯಿಡಾ ತಾಲ್ಲೂಕು. ಊರು ಹೋಯಿತು, ಹೆಸರು ಅಣೆಕಟ್ಟೆಗೆ ಉಳಿಯಿತು. ರಾಮನಗರಕ್ಕೆ ಎದ್ದು ಹೋದ ಮನೆಗಳ ಹಿರಿಯರು ಇವತ್ತಿಗೂ "ನಮ್ಮ ಸೂಪಾ" ಅಂತಲೇ ಮಾತು ಶುರು ಮಾಡುತ್ತಾರೆ.

ಅಣೆಕಟ್ಟೆಯ ಬುಡದಲ್ಲಿ 100 ಮೆಗಾವಾಟ್‌ನ ಪವರ್‌ಹೌಸ್ ಇದೆ. ಅದು ಈ ಸಂಸಾರದಲ್ಲಿ ಚಿಕ್ಕದು. ಅಲ್ಲಿಂದ ಹೊರಟ ನೀರು ದಾಂಡೇಲಿ ದಾಟಿ ಬೊಮ್ಮನಹಳ್ಳಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಸುರಂಗ ಹೊಕ್ಕು ಅಂಬಿಕಾನಗರದ ನಾಗಝರಿ ಪವರ್‌ಹೌಸಿಗೆ ಬೀಳುತ್ತದೆ. ಆರು ಘಟಕಗಳ ನಾಗಝರಿಯೇ ಇಲ್ಲಿ ದೊಡ್ಡ ದುಡಿಮೆಗಾರ. ಅದರ ಕೆಳಗೆ ಕೊಡಸಳ್ಳಿ, ಮತ್ತೆ ಕದ್ರಾ ಅಣೆಕಟ್ಟೆಗಳು. ಕದ್ರಾ ಹಿನ್ನೀರಿನ ದಡದಲ್ಲಿ ಕೈಗಾ ಅಣುಸ್ಥಾವರ. ಒಂದೇ ನೀರು ಇಷ್ಟು ಕಡೆ ಕೆಲಸ ಮಾಡಿ ಸಮುದ್ರಕ್ಕೆ ಹೋಗುತ್ತದೆ.

ಈಗ ನೋಡಿ, ಮಳೆಗಾಲದ ನೀರನ್ನು ಸೂಪಾ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ರಾಜ್ಯಕ್ಕೆ ಕರೆಂಟ್ ಜಾಸ್ತಿ ಬೇಕು. ನಾಗಝರಿ ಓಡಬೇಕು, ಅದಕ್ಕೆ ಸೂಪಾದಿಂದ ನೀರು ಇಳಿಯಬೇಕು. ಆ ನೀರು ಇಳಿಯುವ ದಾರಿಯಲ್ಲೇ ರಾಫ್ಟಿಂಗ್. ಅದಕ್ಕೇ ಊರ ಹಳ್ಳಗಳೆಲ್ಲ ಒಣಗಿದ ಮೇ ತಿಂಗಳಲ್ಲೂ ಕಾಳಿಯಲ್ಲಿ ರಾಫ್ಟ್ ತೇಲುತ್ತದೆ. ಮಳೆಗಾಲದಲ್ಲಿ ಉಪನದಿಗಳೆಲ್ಲ ಉಕ್ಕಿ ಬರುವುದರಿಂದ ರಾಫ್ಟಿಂಗ್ ನಿಲ್ಲಿಸುತ್ತಾರೆ. ಹೊಳೆಯ ಗಡಿಯಾರ ಇರುವುದು ಮೋಡದಲ್ಲಲ್ಲ, ಪವರ್‌ಹೌಸಿನಲ್ಲಿ.

ಟರ್ಬೈನ್ ನಿಂತರೆ ಹೊಳೆಯ ನೀರೂ ತಗ್ಗುತ್ತದೆ, ಬಂಡೆಗಳು ಬೆನ್ನು ತೋರಿಸುತ್ತವೆ, ರಾಫ್ಟ್ ಅಲ್ಲಲ್ಲೇ ಕೂರುತ್ತದೆ. ರಜೆ ದಿನ ಬೇಡಿಕೆ ಕಡಿಮೆಯಾದರೆ, ಅಥವಾ ಬೇಸಿಗೆ ಮಳೆ ಬಂದು ಊರೆಲ್ಲ ತಂಪಾದರೆ ಘಟಕ ನಿಲ್ಲಿಸಬಹುದು. "ದುಡ್ಡು ದಂಡ" ಆದವರು ಹೀಗೆ ನೀರು ಬಿಡದ ದಿನ ಹೋದವರಿರಬೇಕು.

ಈಗ ಅತ್ತೆಯವರ ಭಯ. ಕಾಳಿಯಲ್ಲಿ ಜನ ಸಾಯುವುದು ನಿಜ. ಇದೊಂದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಾನು ಕಂಡ ಮಟ್ಟಿಗೆ, ಹೆಲ್ಮೆಟ್, ಲೈಫ್ ಜಾಕೆಟ್ ಹಾಕಿಕೊಂಡು ರಾಫ್ಟಿನಲ್ಲಿ ಕೂತವರಿಗಿಂತ ದಡದಲ್ಲಿ ಊಟ ಮುಗಿಸಿ "ಒಂದ್ ಸಲ ಇಳಿದು ಬರ್ತೀನಿ" ಅಂದವರಿಗೇ ಅಪಾಯ ಜಾಸ್ತಿ.

ಒಮ್ಮೆ ಹರಿವು ಅಳೆಯಲು ಅಣೆಕಟ್ಟೆಯ ಕೆಳಗೆ ನಿಂತಿದ್ದೆ. ಒಂದು ಕುಟುಂಬ ಹೊಳೆಯ ನಡುವಿನ ಚಪ್ಪಟೆ ಬಂಡೆ ಮೇಲೆ ಟವೆಲ್ ಹಾಸಿ ಬುತ್ತಿ ಬಿಚ್ಚಿತ್ತು. ಪಾದ ಮುಳುಗುವಷ್ಟು ನೀರಿನಲ್ಲಿ ನಡೆದುಕೊಂಡೇ ಹೋಗಿದ್ದರು. ನನಗೆ ಮೊದಲು ಗೊತ್ತಾಗಿದ್ದು ಸದ್ದಿನಲ್ಲಿ. ಕಲ್ಲಿನ ಸಂದಿಯ ಗುಳುಗುಳು ನಿಂತು, ಒಂದೇ ಸಮನೆ ಹುಯ್ಯೆನ್ನುವ ಸದ್ದು ಶುರುವಾಯಿತು. ಆಮೇಲೆ ಒಣ ಎಲೆ, ಕಡ್ಡಿ, ನೊರೆ ತೇಲಿ ಬಂದವು. ದಡದಲ್ಲಿದ್ದ ಕಸವನ್ನು ಏರುವ ನೀರು ಎತ್ತಿಕೊಂಡು ಬರುವುದು ಹಾಗೆಯೇ. ನಾನೂ ಜೊತೆಯವರೂ ಕೂಗಿ, ಕೈ ಬೀಸಿ ಅವರನ್ನು ಎಬ್ಬಿಸಿದೆವು. ಕೊನೆಯಲ್ಲಿ ಬಂದ ಹೆಂಗಸಿಗೆ ನೀರು ತೊಡೆಯವರೆಗೆ ಬಂದಿತ್ತು, ಇಬ್ಬರು ಹಿಡಿದು ಎಳೆದುಕೊಳ್ಳಬೇಕಾಯಿತು. ಟವೆಲ್, ಸ್ಟೀಲ್ ಡಬ್ಬಿ ಎಲ್ಲ ಹೊಳೆಪಾಲು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

ನೀರು ಬಿಡುವಾಗ ಸೈರನ್ ಕೂಗಬಹುದು, ಆದರೆ ನೀರಿನ ಸದ್ದಿನಲ್ಲಿ ಅದು ಕಿವಿಗೆ ಬೀಳದೆಯೂ ಹೋಗಬಹುದು. ನನ್ನದೊಂದು ಅಭ್ಯಾಸ ಹೇಳುತ್ತೇನೆ. ದಡಕ್ಕೆ ಬಂದ ಕೂಡಲೇ ನೀರಿನ ಅಂಚಿನಲ್ಲಿ ಮರಳಿಗೆ ಒಂದು ಕಡ್ಡಿ ಚುಚ್ಚಿಡಿ. ಆಗಾಗ ಅದರ ಮೇಲೆ ಕಣ್ಣು ಹಾಯಿಸಿ. ಕಡ್ಡಿ ನೀರೊಳಗೆ ಹೋಗಿದ್ದರೆ ಮಾತು ಬೇಡ, ಎದ್ದು ಮೇಲೆ ಬನ್ನಿ. ಮಗನಿಗೆ ಈ ಕೆಲಸ ವಹಿಸಿ, ಖುಷಿಯಿಂದ ಮಾಡುತ್ತಾನೆ.

ಇನ್ನೊಂದು, ನಿಮ್ಮ ಬಾವಿ ಈಜು. ಬೇಜಾರು ಮಾಡಿಕೊಳ್ಳಬೇಡಿ, ಹೊಳೆಯಲ್ಲಿ ನನಗೆ ಹೆಚ್ಚು ಭಯ ಇರುವುದು ನಿಮ್ಮಂಥವರ ಬಗ್ಗೆಯೇ. ಈಜು ಬಾರದವನು ದಡದಲ್ಲೇ ಇರುತ್ತಾನೆ. ಬಾವಿಯಲ್ಲಿ ಕಲಿತವನು ಮಡುವಿಗೆ ಹಾರುತ್ತಾನೆ. ಬಾವಿ ನೀರು ನಿಂತ ನೀರು, ಎತ್ತ ಹೋದರೂ ಗೋಡೆ ಸಿಗುತ್ತದೆ. ಇಲ್ಲಿ ಮೇಲೆ ಕನ್ನಡಿಯಂತೆ ಕಾಣುವ ಮಡುವಿನೊಳಗೆ ಸೆಳವು ಇರುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೇಲಾಗಿ ಇದು ಜಲಾಶಯದ ಆಳದಿಂದ ಬರುವ ನೀರು, ಮೇ ಬಿಸಿಲಿನಲ್ಲೂ ತಣ್ಣಗೆ ಕೊರೆಯುತ್ತದೆ. ಬೆವರಿದ ಮೈಯಲ್ಲಿ ಹಾರಿದವನಿಗೆ ಉಸಿರು ಸಿಕ್ಕಿಹಾಕಿಕೊಳ್ಳುವುದು ಅದಕ್ಕೇ.

ಮೊಸಳೆಯನ್ನೂ ಸೇರಿಸಿಬಿಡುತ್ತೇನೆ, ನೀವು ಕೇಳಿಲ್ಲ, ಆದರೂ. ದಾಂಡೇಲಿಯ ಸುತ್ತ ಹೊಳೆ ನಿಧಾನವಾಗುವ ಕಡೆ ಮೊಸಳೆಗಳಿವೆ, ಜನರ ಜೀವವನ್ನೂ ತೆಗೆದಿವೆ. ಪಟ್ಟಣದ ಹತ್ತಿರ ಬಟ್ಟೆ ಒಗೆಯುವ ಕಲ್ಲು, ಮೆಟ್ಟಿಲು ಅಂತ ಕಂಡರೂ ನೀರಿಗೆ ಕಾಲು ಇಳಿಬಿಟ್ಟು ಕೂರಬೇಡಿ.

ನಿಮ್ಮ ಮನೆಯವರ ವಿಷಯಕ್ಕೆ ಬರುತ್ತೇನೆ.

ನೀವು, ಹೆಂಡತಿ, ಅಕ್ಕ, ಭಾವ ರಾಫ್ಟ್ ಹತ್ತಬಹುದು. ಈಜು ಬರಲೇಬೇಕೆಂದಿಲ್ಲ. ತೇಲಿಸುವುದು ಜಾಕೆಟ್, ಈಜಲ್ಲ. ಆದರೆ ಜಾಕೆಟ್ ಮೈಗೆ ಕಚ್ಚಿಕೊಂಡಿರಬೇಕು. ಪರೀಕ್ಷೆ ಸುಲಭ. ಎರಡೂ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆಳೆಯಲಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ನಿಮ್ಮದಲ್ಲ, ಬೇರೆ ಕೇಳಿ. ನೀರಿಗೆ ಬಿದ್ದರೆ ಅಂಗಾತ ತೇಲಿ, ಕಾಲು ಹರಿವಿನ ಕಡೆಗೆ, ಬೆರಳು ನೀರಿನ ಮೇಲೆ ಕಾಣುವ ಹಾಗೆ. ಎದ್ದು ನಿಲ್ಲಲು ಮಾತ್ರ ಹೋಗಬೇಡಿ. ಮೊಣಕಾಲು ನೀರಾದರೂ ಬಂಡೆಯ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಹಿಂದಿನ ನೀರು ನಿಮ್ಮನ್ನು ಮುಖ ಕೆಳಗಾಗಿ ಮಡಚಿಬಿಡುತ್ತದೆ. ಗೈಡ್‌ಗಳು ಇದನ್ನು ಹೇಳುತ್ತಾರೆ, ಜನ ಫೋಟೊ ತೆಗೆದುಕೊಳ್ಳುತ್ತಾ ಕೇಳಿಸಿಕೊಳ್ಳುವುದಿಲ್ಲ.

ಮಗನ ವಿಷಯದಲ್ಲಿ ನನ್ನ ಉತ್ತರ ಅವನಿಗೆ ಇಷ್ಟವಾಗಲಿಕ್ಕಿಲ್ಲ. ಉದ್ದದ ರಾಫ್ಟಿಂಗ್ ಬೇಡ. ವಯಸ್ಸಿನ ಮಿತಿಯನ್ನು ನಡೆಸುವವರೇ ಹೇಳುತ್ತಾರೆ, ಆದರೆ ನನಗೆ ವಯಸ್ಸಿಗಿಂತ ಮುಖ್ಯ ಅವನ ಅಳತೆಯ ಜಾಕೆಟ್, ಹೆಲ್ಮೆಟ್ ಇದೆಯಾ, ರಾಫ್ಟಿನ ಅಂಚಿನಲ್ಲಿ ಕೂತು ಕಾಲು ಒತ್ತಿ ಹಿಡಿಯುವಷ್ಟು ಉದ್ದ ಇದ್ದಾನಾ ಎಂಬುದು. ದೊಡ್ಡವರ ಜಾಕೆಟ್‌ನಲ್ಲಿ ಮಗು ಜಾರಿ ಕೆಳಗೆ ಹೋಗುತ್ತದೆ. ದಾಂಡೇಲಿ ಹತ್ತಿರ ಮೌಳಂಗಿ ಕಡೆ ನೀರು ಸೌಮ್ಯ, ಅಲ್ಲಿ ಚಿಕ್ಕ ರಾಫ್ಟಿಂಗ್, ಬೋಟಿಂಗ್ ಮಾಡಿಸುತ್ತಾರೆ. ಅವನಿಗೆ ಅದು ಸಾಕು. ಅಲ್ಲಿಯೂ ಜಾಕೆಟ್ ಕಳಚಿ ನೀರಿಗಿಳಿಯುವುದು ಬೇಡ.

ಅಪ್ಪನವರು ರಾಫ್ಟ್ ಹತ್ತುವುದು ಬೇಡವೇ ಬೇಡ. ಸ್ಟೆಂಟ್ ಹಾಕಿದ ಮೇಲೆ ಸಾಮಾನ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುತ್ತದೆ. ಬಂಡೆಗೆ, ಹುಟ್ಟಿಗೆ ತಾಗಿದ ಸಣ್ಣ ಪೆಟ್ಟಿನಿಂದಲೂ ರಕ್ತ ಬೇಗ ನಿಲ್ಲುವುದಿಲ್ಲ. ತಣ್ಣೀರಿನ ಹೊಡೆತಕ್ಕೆ ಹೃದಯದ ಮೇಲೆ ಭಾರ ಏರುತ್ತದೆ. ಅಂಥ ಜಾಗದಲ್ಲಿ ಆಂಬುಲೆನ್ಸ್ ಬೇಗ ಸಿಗುವುದೂ ಕಷ್ಟ. ಡಾಕ್ಟರ್ ಪರವಾಗಿಲ್ಲ ಅಂದರೂ ಈ ವರ್ಷ ಬಿಟ್ಟುಬಿಡಿ ಅನ್ನುತ್ತೇನೆ.

ಬುಕ್ ಮಾಡುವಾಗ ರೇಟು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. "ನಾಳೆ ನೀರು ಬಿಡ್ತಾರಾ, ಎಷ್ಟೊತ್ತಿಗೆ?" ಮತ್ತೆ "ಒಂದು ರಾಫ್ಟಿಗೆ ಎಷ್ಟು ಜನ?" ಮೊದಲನೆಯದಕ್ಕೆ ನೇರ ಉತ್ತರ ಬರಬೇಕು. "ಬನ್ನಿ ಸರ್, ನೋಡೋಣ" ಅಂದರೆ ಫೋನ್ ಇಡಿ. ಎರಡನೆಯದರಲ್ಲೇ ಮೋಸ ಜಾಸ್ತಿ. ರಜೆ ದಿನ ಜನ ತುಂಬಿದಾಗ ಆರು, ಎಂಟು ಜನರ ರಾಫ್ಟಿಗೆ ಹತ್ತು, ಹನ್ನೆರಡು ಮಂದಿ ಕೂರಿಸುವುದನ್ನು ನಾನೇ ನೋಡಿದ್ದೇನೆ. ಭಾರವಾದ ರಾಫ್ಟ್ ಗೈಡ್ ಮಾತು ಕೇಳುವುದಿಲ್ಲ, ಬಂಡೆಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ದಡದಲ್ಲಿ ಹಾಗೆ ಕಂಡರೆ ಮುಂಗಡ ಹೋದರೆ ಹೋಗಲಿ, ಹತ್ತಬೇಡಿ. ಬೆಳಗಿನ ಸರದಿಯನ್ನೇ ಕೇಳಿ. ಮೇ ಮಧ್ಯಾಹ್ನಗಳಲ್ಲಿ ಅಲ್ಲಿ ಗುಡುಗು, ಸಿಡಿಲಿನ ಮಳೆ ಬರುತ್ತದೆ, ಆಗ ನೀರಿನ ಮೇಲಿರುವುದು ಸರಿಯಲ್ಲ. ಇನ್ನು ಸುತ್ತಲಿನ ಕಾಡಿನ ಬಹುಪಾಲು ಹುಲಿ ಸಂರಕ್ಷಿತ ಪ್ರದೇಶ. ಮೊದಲು ಅಣಶಿ ದಾಂಡೇಲಿ ಅಂತಿದ್ದ ಅದಕ್ಕೆ 2015ರಿಂದ ಈ ಹೊಳೆಯದೇ ಹೆಸರು. ಕಾಲುದಾರಿ ಕಂಡಿತು ಅಂತ ಎಲ್ಲೆಂದರಲ್ಲಿ ಹೊಳೆಗೆ ಇಳಿಯುವಂತಿಲ್ಲ.

ಅಪ್ಪನನ್ನು ರೆಸಾರ್ಟಿನಲ್ಲಿ ಕೂರಿಸಿ ಹೋಗುವುದು ನಿಮಗೆ ಬೇಜಾರು ಅಂತ ಗೊತ್ತು. ಒಂದು ದಿನ ಜಾಸ್ತಿ ಇದ್ದರೆ ಕಾರವಾರಕ್ಕೆ ಇಳಿಯಿರಿ. ಅಲ್ಲಿ ಕಾಳಿ ಬೇರೆಯೇ ಹೊಳೆ. ಅಗಲ, ನಿಧಾನ, ಉಪ್ಪು. ದಡದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಒಂದು ಬದಿಗೆ ಸದಾಶಿವಗಡದ ಗುಡ್ಡ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದಷ್ಟು ನೀರಿನಲ್ಲಿ ಬಗ್ಗಿ ತಿಸ್ರೆ ಚಿಪ್ಪುಗಳನ್ನು ಹೆಕ್ಕುವುದು ಕಾಣಿಸಬಹುದು. ಪವರ್‌ಹೌಸಿನ ಗಡಿಯಾರ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಅಲ್ಲಿರುವುದು ಸಮುದ್ರದ ಗಡಿಯಾರ. ಸರಿಸುಮಾರು ಆರು ಗಂಟೆ ಉಬ್ಬರ, ಆರು ಗಂಟೆ ಇಳಿತ. ಇಳಿತದ ಜೋರಿನಲ್ಲಿ ಅಳಿವೆಯ ಬಾಯಿಯ ಹತ್ತಿರ ಸೆಳವು ಸಮುದ್ರದ ಕಡೆಗಿರುತ್ತದೆ, ಆಗ ಚಿಕ್ಕ ದೋಣಿ ಬೇಡ. ಉಬ್ಬರ ಏರುತ್ತಿರುವಾಗ ಹೊರಟರೆ ನೀರೇ ದೋಣಿಯನ್ನು ಒಳಗೆ ತಳ್ಳುತ್ತದೆ. ಹೊತ್ತು ಯಾವುದು ಅಂತ ದೋಣಿಯವರನ್ನೇ ಕೇಳಿ, ಅವರಿಗೆ ಬಾಯಿಪಾಠ. ಅಪ್ಪನಿಗೂ ಜಾಕೆಟ್ ಹಾಕಿಸಿ, ಮಾತ್ರೆ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಸಂಜೆ ನಾಲ್ಕರ ಮೇಲೆ ಹೊರಡಿ, ಬಿಸಿಲು ತಗ್ಗಿರುತ್ತದೆ.